ನಲವತ್ತಡಿಯ ಲೋಕ

"ಬಿಡೇ, ಹರಿದುಹೋಗ್ತದೆ!" ಎಂದು ಫುಸ್ಕಸ್ ಸುರುಳಿಯ ಒಂದು ತುದಿ ಹಿಡಿದು ಎಳೆದ. ಇನ್ನೊಂದು ತುದಿಯನ್ನು ಎದೆಗೆ ಅವುಚಿಕೊಂಡಿದ್ದ ಟ್ರೆಬಿಯಾ ಬಿಡಲಿಲ್ಲ.

"ಹರಿದ್ರೆ ಹರೀಲಿ ಮಾವ. ಬೆಂಕಿಗಂತೂ ಕೊಡಲ್ಲ."

ಪಕ್ಕದಲ್ಲೇ ಅವಳಪ್ಪ ಟ್ರೆಬಿಯಸ್ ಚಟ್ಟದ ಮೇಲೆ ಬಾಗಿಲ ಕಡೆ ಕಾಲು ಚಾಚಿ ಮಲಗಿದ್ದ. ಸತ್ತವರಿಗೆ ಮೆಚ್ಚಿನದೇನಿತ್ತೋ ಅದನ್ನು ಚಿತೆಗೆ ಹಾಕುವುದು ನಮ್ಮ ರೋಮಿನಲ್ಲಿ ನಡೆದುಬಂದದ್ದು. ಟ್ರೆಬಿಯಸ್‌ಗಿದ್ದದ್ದು ಇದೊಂದೇ. ಮೂವತ್ತು ವರ್ಷ ಕೂತು ಬರೆದ, ಒಂದಡಿ ಅಗಲ ನಲವತ್ತಡಿ ಉದ್ದದ ಚರ್ಮದ ನಕ್ಷೆ.

"ಸಮುದ್ರ ನೋಡ್ರಪ್ಪ, ಬಚ್ಚಲ ಕಾಲುವೆ ಹಾಗಿದೆ!" ಫುಸ್ಕಸ್ ನೆರೆದವರ ಕಡೆ ತಿರುಗಿದ. "ಛತ್ರಕ್ಕೆ ಬಂದಿದ್ದ ಆ ಗ್ರೀಕ್ ಪಂಡಿತ ಇದನ್ನ ನೋಡಿ ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ಮರೆತ್ಯೇನೇ? ಸತ್ತ ಮೇಲಾದ್ರೂ ನನ್ನ ಭಾವನ್ನ ನೋಡಿ ಯಾರೂ ನಗೋದು ಬೇಡ."

ಟ್ರೆಬಿಯಾಗೆ ಸಿಟ್ಟಿಗೇ ಕಣ್ಣು ತುಂಬಿತು.

*

ಏಳು ವರ್ಷದವಳಿದ್ದಾಗ ಅವಳೂ ಸಮುದ್ರದ ಬಗ್ಗೆ ಅದನ್ನೇ ಕೇಳಿದ್ದಳು. ಅಪ್ಪ ಹುಟ್ಟು ಕುಂಟ. ಮನೆ ಪಕ್ಕದ ಛತ್ರದ ಜಗಲಿಯಲ್ಲಿ ಕೂತು, ದಾರಿ ಸವೆಸಿ ಬಂದವರಿಗೆಲ್ಲ ದ್ರಾಕ್ಷಾರಸ ಕುಡಿಸಿ, ಎಲ್ಲಿಂದ ಎಲ್ಲಿಗೆ ಎಷ್ಟು ಮೈಲಿ, ಯಾವ ಛತ್ರದವನು ಕಳ್ಳ ಎಂದೆಲ್ಲ ಬಾಯಿ ಬಿಡಿಸಿ ಬರೆದುಕೊಳ್ಳುತ್ತಿದ್ದ.

"ಅಪ್ಪಾ, ಸಮುದ್ರ ಯಾಕೆ ಇಷ್ಟು ಸಣ್ಣ?"

"ಅದರ ಮೇಲೆ ಯಾರಾದ್ರೂ ನಡೀತಾರೇನೇ ಹುಚ್ಚಿ? ಚರ್ಮ ಇರೋದೇ ಇಷ್ಟು. ದಾರಿಗೆ ಜಾಗ ಬೇಡ್ವಾ!"

*

"ಬಿಚ್ಚಿ ನೋಡೋಣ ಇರಿ," ಎಂದು ಹೇಸರಗತ್ತೆ ಹೊಡೆಯುವ ಕಲೇನಸ್ ಒಳಬಂದವನೇ ಬಿಚ್ಚಿಯೇಬಿಟ್ಟ. "ಇದೋ, ಬ್ರುಂಡಿಸಿಯಂ ದಾರಿ. ಈ ಬಾವಿ ನೀರು ಕುಡೀಬೇಡಿ ಅಂತ ಕಪ್ಪು ಚುಕ್ಕೆ ಇಟ್ಟಿದಾನೆ. ಹೇಳಿದೋನು ನಾನೇ. ನನ್ನ ಕತ್ತೆ ಅಲ್ಲೇ ಸತ್ತಿತ್ತು."

"ಆ ದಾರೀಲಿ ನಾನೂ ಹೋಗಿದೀನಿ ಕಣಪ್ಪ," ಎಂದಳು ಮುದುಕಿ ಔಕ್ಟಾ. ಹಡಗಿನಲ್ಲಿ ದುಡಿಯುತ್ತಿದ್ದ ಮಗ ಬ್ರುಂಡಿಸಿಯಂ ಬಂದರಿನಲ್ಲಿ ಸತ್ತಾಗ ಬೂದಿ ತರಲು ಒಬ್ಬಳೇ ಹೊರಟಿದ್ದಳು. "ನಂಗೆ ಅಕ್ಷರ ಬರಲ್ಲ. ಟ್ರೆಬಿಯಸ್ ಒಂದು ಚರ್ಮದ ತುಂಡಲ್ಲಿ ಗೆರೆ ಎಳೆದು, ರಾತ್ರಿ ತಂಗೋ ಛತ್ರಕ್ಕೊಂದು ಮನೆ ಚಿತ್ರ ಬರೆದುಕೊಟ್ಟ. ದಿನಕ್ಕೊಂದು ಮನೆ. ಇಪ್ಪತ್ತನೇ ಮನೇಲಿ ನನ್ನ ಮಗ ಸಿಕ್ಕಿದ. ಒಂದೂ ತಪ್ಪಿರಲಿಲ್ಲ ಫುಸ್ಕಸ್. ನಿನ್ನ ಪಂಡಿತ ನನ್ನ ಅಲ್ಲಿಗೆ ಮುಟ್ಟಿಸ್ತಿದ್ನಾ?"

ಫುಸ್ಕಸ್ ತುದಿ ಬಿಟ್ಟ. ಹೊರಗೆ ಶವಯಾತ್ರೆಯ ಕೊಳಲಿನವರು ಊದತೊಡಗಿದರು.

"ಸುಡೋದೂ ಬೇಡ, ಸುತ್ತೋದೂ ಬೇಡ," ಕಲೇನಸ್‌ನ ದನಿ ಏರಿತು. "ಗೆದ್ದು ಬಂದ ಸೇನಾಪತಿ ಮುಂದೆ ಗೆದ್ದ ನಾಡಿನ ಚಿತ್ರ ಹೊರ್ತಾರೋ ಇಲ್ವೋ? ಇವನು ಕತ್ತಿ ಮುಟ್ಟದೆ ಲೋಕಾನೇ ಗೆದ್ದಿದಾನೆ. ಹಿಡೀರೋ!"

ಹತ್ತಾರು ಕೈ ಮುಂದೆ ಬಂದವು. ತಾವು ತಾವು ಹೇಳಿದ ಊರನ್ನೇ ಹಿಡಿಯಬೇಕೆಂದು ಹೆಣದ ಮನೆಯಲ್ಲಿ ಜಗಳವೇ ಹತ್ತಿತು. ಟ್ರೆಬಿಯಾಗೆ ಅಳುವಿನ ನಡುವೆ ನಗು ಬಂತು. ಅಷ್ಟೊಂದು ಹೆಮ್ಮೆ ಅವಳಿಗೆ ಯಾವತ್ತೂ ಆಗಿರಲಿಲ್ಲ.

"ಸಮುದ್ರ ಜೋತು ಬಿತ್ತು, ಎತ್ರೋ!" ಎಂದು ಗದರಿ ಫುಸ್ಕಸ್ ತಾನೇ ನಡುವೆ ನುಗ್ಗಿ ಹಿಡಿದ.

ಪಡುವಣ ತುದಿಯ ಹಿಸ್ಪಾನಿಯಾ ಹಿಡಿದ ಕಲೇನಸ್ ಬೀದಿಯ ತಿರುವಿನಲ್ಲಿ ಮರೆಯಾದಾಗ, ಮೂಡಣ ತುದಿಯ ಇಂಡಿಯಾ ಹಿಡಿದ ಟ್ರೆಬಿಯಾ ಇನ್ನೂ ಹೊಸ್ತಿಲಲ್ಲೇ ಇದ್ದಳು. ಅವಳ ಬೆನ್ನಿಗೇ ಚಟ್ಟ ಎದ್ದಿತು.