ಒಂದೇ ಕಂಪ್ಯೂಟರಿಗೆ ಎರಡು ಕುರ್ಚಿ

ಕಮಲಾಪುರದ ಮರುಳಸಿದ್ದಮ್ಮನ ಮನೆಯಲ್ಲಿ ಇಬ್ಬರು ಸೊಸೆಯರು ಮಾತು ಬಿಟ್ಟಿದ್ದರು. ಕಾರಣ, ಪಡಸಾಲೆಯಲ್ಲಿದ್ದ ಒಂದೇ ಒಂದು ಕಂಪ್ಯೂಟರ್.

ಹಂಪಿ ನೋಡಲು ಬರುವವರಿಗೆ ಮೇಲಿನ ಕೋಣೆಗಳನ್ನು ಬಾಡಿಗೆಗೆ ಕೊಡುವ ಮನೆ ಅದು. ಬುಕಿಂಗ್ ನೋಡಿಕೊಳ್ಳುವವಳು ಹಿರಿಸೊಸೆ ಗಾಯತ್ರಿ. ಕಿರಿಸೊಸೆ ಕಾವ್ಯ ಬಾಳೆನಾರಿನ ಚೀಲಗಳಿಗೆ ವಿನ್ಯಾಸ ಬಿಡಿಸಿ ಹೆಣೆಯುವವರಿಗೆ ಕಳಿಸುತ್ತಾಳೆ. ಒಮ್ಮೆ ಕಾವ್ಯ ಚಿತ್ರ ಬಿಡಿಸುತ್ತ ಕೂತುಬಿಟ್ಟಿದ್ದರಿಂದ ಗಾಯತ್ರಿಗೆ ಒಂದು ಬುಕಿಂಗ್ ಕಾಣಲೇ ಇಲ್ಲ. ಪುಣೆಯ ಕುಟುಂಬವೊಂದು ಗಂಟುಮೂಟೆ ಸಮೇತ ಅಂಗಳದಲ್ಲಿ ನಿಂತಾಗ ಕೊಡಲು ಕೋಣೆ ಇರಲಿಲ್ಲ. ಮಾರನೆಯ ದಿನ ಗಾಯತ್ರಿ ಅವಸರದಲ್ಲಿ ಕಾವ್ಯಳ ಚಿತ್ರವನ್ನು ಉಳಿಸದೆಯೇ ಮುಚ್ಚಿಬಿಟ್ಟಳು. ಅಲ್ಲಿಂದೀಚೆಗೆ ಇಬ್ಬರಿಗೂ ಏನೇ ಹೇಳಬೇಕಿದ್ದರೂ ಅತ್ತೆಯ ಮೂಲಕವೇ.

ಹೇಳಿ ಹೇಳಿ ಸಾಕಾದ ಮರುಳಸಿದ್ದಮ್ಮ ತಮ್ಮನ ಮಗಳು ದೇವಿಕಾಗೆ ಫೋನ್ ಮಾಡಿದಳು. ದೇವಿಕಾ ಹೊಸಪೇಟೆಯ ಚಿತ್ತವಾಡ್ಗಿಯವಳು. ಅದಿರು ಸಾಗಿಸುವ ಕಂಪನಿಯೊಂದರಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ಅವಳದು. ಈ ಮನೆಯ ಕಂಪ್ಯೂಟರನ್ನು ಜೋಡಿಸಿಕೊಟ್ಟವಳೂ ಅವಳೇ.

“ಇನ್ನೊಂದು ತಂದುಬಿಡ್ಲೇನವಾ?”

“ಸ್ವಲ್ಪ ತಡೀರಿ ಅತ್ತಿ. ಒಂದ ಡಬ್ಬಿಗೆ ಎರಡು ಪರದೆ, ಎರಡು ಕೀಬೋರ್ಡ್ ಹಚ್ಚಿ ಇಬ್ರೂ ಬ್ಯಾರೆ ಬ್ಯಾರೆ ಕೆಲಸ ಮಾಡಬಹುದಂತ. ನಾ ಓದೀನಷ್ಟ, ಕಣ್ಣಿಲೆ ನೋಡಿಲ್ಲ. ಭಾನುವಾರ ಬರ್ತೀನಿ.”

ಅತ್ತೆಯ ಮನೆಯ ಜಗಳಕ್ಕಿಂತ ಅದು ನಿಜವಾಗಿಯೂ ಆಗುತ್ತದೆಯೇ ಎಂಬ ಪ್ರಶ್ನೆಯೇ ದೇವಿಕಾಳನ್ನು ಭಾನುವಾರ ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತಿಸಿತು. ಅವಳ ಚೀಲದಲ್ಲಿ ಒಂದು ಕೀಬೋರ್ಡ್, ಒಂದು ಮೌಸ್, ಒಂದು ಉದ್ದನೆಯ ಕೇಬಲ್ ಇದ್ದವು.

ಎರಡನೇ ಪರದೆಗೆಂದು ಮೇಲಿನ ಕೋಣೆಯ ಟಿ.ವಿ.ಯನ್ನು ಇಳಿಸಿ ತಂದರು. ಆದರೆ ಗಾಯತ್ರಿ ಕಂಪ್ಯೂಟರಿನ ಮುಂದೆ ಅಡ್ಡಲಾಗಿ ನಿಂತಳು. “ದೇವಿಕಾ, ನನ್ನ ಬುಕಿಂಗ್ ಎಲ್ಲಾ ಇದರಾಗೇ ಐತಿ. ಏನರ ಕೆಟ್ರ ಯಾರು ನೋಡೋರು?”

“ಅದಕ್ಕ ಕೈನ ಹಚ್ಚಲ್ಲ ಅಕ್ಕ. ಇದರೊಳಗ ಇನ್ನೊಂದು ಕಂಪ್ಯೂಟರ್ ಹುಟ್ಟಿಸ್ತೀನಿ. ಅದು ಬರೇ ಸಾಫ್ಟ್‌ವೇರ್. ಏನು ಕೆಡಿಸಿದ್ರೂ ಒಳಗಿಂದು ಕೆಡ್ತದ, ಹೊರಗಿಂದಕ್ಕ ಏನೂ ಆಗಲ್ಲ. ಒಳಗಿಂದಕ್ಕ ನಾವು ಗೆಸ್ಟ್ ಅಂತೀವಿ.”

“ಗೆಸ್ಟಾ?” ಮರುಳಸಿದ್ದಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. “ಊಟಕ್ಕ ಇರ್ತದೇನು?”

ಕಾವ್ಯ ನಕ್ಕಳು. ಗಾಯತ್ರಿ ನಗು ತಡೆದುಕೊಂಡು ಪಕ್ಕಕ್ಕೆ ಸರಿದಳು.

ಮಧ್ಯಾಹ್ನದ ಹೊತ್ತಿಗೆ ಒಳಗಿನ ಕಂಪ್ಯೂಟರ್ ಎದ್ದು ಕೂತಿತು. ದೇವಿಕಾ ಅದಕ್ಕೆ, ಪರದೆಗೆ ಚಿತ್ರ ಕಳಿಸುವ ಎರಡು ಡಿಸ್‌ಪ್ಲೇ ಕಾರ್ಡ್‌ಗಳಿವೆ ಎಂದು ನಂಬಿಸಿದಳು. ಒಂದರ ಚಿತ್ರ ಮಾನಿಟರಿಗೆ, ಇನ್ನೊಂದರದು ಟಿ.ವಿ.ಗೆ. ತಾನು ತಂದ ಕೀಬೋರ್ಡನ್ನೂ ಮೌಸನ್ನೂ ಒಳಗಿನದಕ್ಕೇ ಒಪ್ಪಿಸಿದಳು. ಆಮೇಲೆ ಮಾನಿಟರಿನ ಮುಂದೆ ಗಾಯತ್ರಿಯನ್ನು, ಟಿ.ವಿ.ಯ ಮುಂದೆ ಕಾವ್ಯಳನ್ನು ಕೂಡಿಸಿ, ಬರೆಯಲು ಒಂದು ಖಾಲಿ ಪುಟ ತೆರೆದಳು.

“ಇಬ್ರೂ ನಿಮ್ಮ ನಿಮ್ಮ ಹೆಸರು ಹೊಡೀರಿ.”

ಟಿ.ವಿ. ಕಪ್ಪಗೇ ಇತ್ತು. ಮಾನಿಟರಿನ ಮೇಲೆ ‘ಗಾಕಾಯವ್ಯತ್ರಿ’ ಎಂದು ಮೂಡಿತು. ಗಾಯತ್ರಿ ಮೌಸನ್ನು ಎಡಕ್ಕೆ ಎಳೆದಳು, ಕಾವ್ಯ ಬಲಕ್ಕೆ. ಬಾಣದ ಗುರುತು ನಡುವೆ ಸಿಕ್ಕು ತಡಬಡಿಸಿತು.

“ಇದ್ಯಾರು ಗಾಕಾಯವ್ಯತ್ರಿ?” ಕನ್ನಡಕ ಏರಿಸಿಕೊಂಡು ಓದಿದ ಮರುಳಸಿದ್ದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಈಕೀನ ಮೂರನೇ ಸೊಸಿ ಮಾಡ್ಕೊಂತೀನಿ.”

ದೇವಿಕಾಗೆ ನಗಲು ಪುರುಸೊತ್ತಿರಲಿಲ್ಲ. “ಒಬ್ಬರ ಪರದೆ, ಕೀಬೋರ್ಡ್, ಮೌಸ್ ಸೇರಿ ಇದರ ಲೆಕ್ಕದಾಗ ಒಂದು ಕುರ್ಚಿ. ಹೊಸದಾಗಿ ಏನು ಹಚ್ಚಿದ್ರೂ ಮೊದಲನೇ ಕುರ್ಚಿಗೇ ಹೋಗ್ತದ ಅಂತ ಕಾಣ್ತದ. ನಾವೇ ಬಿಡಿಸಿ ಕೊಡಬೇಕು,” ಎಂದು ಗೊಣಗುತ್ತ ಒಂದು ಆದೇಶ ಬರೆದಳು. ಹೊಸ ಕೀಬೋರ್ಡೂ ಮೌಸೂ ಎರಡನೇ ಕುರ್ಚಿಯವು, ಅಷ್ಟೇ ಅದರ ಅರ್ಥ.

ಕಾವ್ಯ ಮತ್ತೆ ತನ್ನ ಹೆಸರು ಹೊಡೆದಳು. ಈ ಸಲ ಮಾನಿಟರಿನಲ್ಲಿ ಅದು ಬರಲಿಲ್ಲ. ಟಿ.ವಿ.ಯಲ್ಲೂ ಬರಲಿಲ್ಲ.

“ನಾ ಹೊಡದಿದ್ದು ಎಲ್ಲಿ ಹೋತು?” ಎಂದಳು ಕಾವ್ಯ.

“ಇಲ್ಲಿ ಬಂದಿಲ್ಲ ನೋಡು,” ಎಂದಳು ಗಾಯತ್ರಿ.

ಅತ್ತೆಯ ಮೂಲಕ ಬಾರದ ಮಾತು ಅದು. ಕಾವ್ಯ ಕೀಬೋರ್ಡಿನತ್ತ ನೋಡಿದಳು. ಆಮೇಲೆ, “ಇನ್ನೊಮ್ಮೆ ಹೊಡೀತೀನಿ, ನೀವು ಅಲ್ಲಿ ನೋಡ್ರಿ ಅಕ್ಕ,” ಎಂದಳು. ಗಾಯತ್ರಿ ಮುಂದಕ್ಕೆ ಬಾಗಿ ನೋಡಿದಳು. “ಊಹ್ಞೂಂ. ಜೋರಾಗಿ ಒತ್ತು.” “ಜೋರಾಗಿ ಒತ್ತಿದ್ರೇನು ಬರ್ತದ?” “ಮತ್ತ ಏನು ಮಾಡೋದು?” ಹೊಡೆದ ಅಕ್ಷರ ಎಲ್ಲಿ ಹೋಗುತ್ತದೆ ಎಂಬ ಕುತೂಹಲಕ್ಕೆ ಇಬ್ಬರೂ ಸಿಟ್ಟನ್ನೇ ಮರೆತಂತಿತ್ತು.

ದೇವಿಕಾ ಮೊಬೈಲಿನಲ್ಲಿ ಓದುತ್ತಿದ್ದವಳು ತಟ್ಟನೆ ಹಣೆ ಚಚ್ಚಿಕೊಂಡಳು. “ಪರದೆ! ಎರಡನೇ ಕುರ್ಚಿಗೆ ಕೀಬೋರ್ಡ್ ಕೊಟ್ಟೆ, ಮೌಸ್ ಕೊಟ್ಟೆ, ಡಿಸ್‌ಪ್ಲೇ ಕಾರ್ಡ್ ಕೊಡಲೇ ಇಲ್ಲ. ಪರದೆ ಇಲ್ಲಂದ್ರ ಅದು ಕುರ್ಚಿ ಅಂತ ಲೆಕ್ಕಕ್ಕ ಬರಲ್ಲ.”

ಎರಡನೇ ಕಾರ್ಡನ್ನೂ ಅದೇ ಕುರ್ಚಿಗೆ ಕೊಟ್ಟಳು. ಟಿ.ವಿ. ಮಿನುಗಿತು, ಕಪ್ಪಾಯಿತು. ಮತ್ತೆ ಬೆಳಗಿದಾಗ ‘ನಿಮ್ಮ ಹೆಸರೇನು?’ ಎಂದು ಕೇಳುವ ಪುಟ ಬಂದಿತ್ತು. ಕಾವ್ಯ ತನ್ನ ಹೆಸರಿನಲ್ಲಿ ಒಳಗೆ ಹೋದಳು. ಅವಳದೇ ಬಾಣ, ಅವಳದೇ ಪುಟ. ಪಕ್ಕದಲ್ಲಿ ಗಾಯತ್ರಿ ಏನು ಹೊಡೆದರೂ ಇತ್ತ ಒಂದು ಅಕ್ಷರವೂ ಬರಲಿಲ್ಲ.

“ಬಂತಲ್ಲೇ!” ದೇವಿಕಾ ಕುರ್ಚಿಯಿಂದ ಎದ್ದೇಬಿಟ್ಟಳು.

ಆದರೆ ಕಾವ್ಯ ಚೀಲದ ಚಿತ್ರ ಬಿಡಿಸಲು ಗೆರೆ ಎಳೆದಾಗ ಗೆರೆ ಕೈಯ ಹಿಂದೆ ಹಿಂದೆ ತಡವಾಗಿ ಬಂತು. “ಭಾಳ ನಿಧಾನ ಐತಿ,” ಎಂದಳು ಬೇಸರದಿಂದ.

“ಒಳಗಿಂದಕ್ಕ ಅಷ್ಟ ತಾಕತ್ತು. ಇದು ಆಗ್ತದೋ ಇಲ್ಲೋ ನೋಡಾಕಂತ ಮಾಡಿದ್ದು. ಚಿತ್ರಕ್ಕಂದ್ರ ಹೊರಗಿಂದಕ್ಕ ನಿಜವಾದ ಕಾರ್ಡ್ ಹಾಕಿ ಹಿಂಗ ಮಾಡಬೇಕು,” ಎಂದ ದೇವಿಕಾ ಗಾಯತ್ರಿಯ ಮುಖ ನೋಡಿದಳು.

ಗಾಯತ್ರಿ ಟಿ.ವಿ.ಯಲ್ಲಿ ಅರ್ಧ ಮೂಡಿದ ಚೀಲವನ್ನೇ ನೋಡುತ್ತಿದ್ದಳು. ತಾನು ಮುಚ್ಚಿ ಕಳೆದ ಚಿತ್ರವನ್ನೇ ಕಾವ್ಯ ಮೊದಲಿಂದ ಬಿಡಿಸುತ್ತಿದ್ದಾಳೆಂದು ಅವಳಿಗೆ ಗೊತ್ತಾಯಿತು.

“ಹಾಕು. ಮೊದಲು ನನ್ನ ಬುಕಿಂಗ್ ಎಲ್ಲಾ ಇನ್ನೊಂದು ಕಡೆ ನಕಲು ತೆಗದಿಡು,” ಎಂದು ದೇವಿಕಾಗೆ ಹೇಳಿ ಕಾವ್ಯಳತ್ತ ತಿರುಗಿದಳು. “ಅಲ್ಲೀತನಕ ಮುಂಜಾನೆ ನೀನ ಕುಂದ್ರು. ಬುಕಿಂಗ್ ಬಂದ್ರ ಒಂದು ಕೂಗು ಹಾಕು, ಸಾಕು. ಅವತ್ತು ನಾ ನೋಡ್ಲಾರದ ಮುಚ್ಚಿಬಿಟ್ಟೆ.”

“ಪುಣೆಯವರು ಬಂದ ದಿನ ನಾನೂ ಏಳಬೇಕಿತ್ತು ಅಕ್ಕ,” ಎಂದಳು ಕಾವ್ಯ.

ಮರುಳಸಿದ್ದಮ್ಮ ಅವರೆಕಾಯಿಯ ಮೊರವನ್ನು ಬದಿಗಿಟ್ಟು ಹತ್ತಿರ ಬಂದಳು. ಅವಳಿಗೆ ರಾಜಿಗಿಂತ ಬೇರೆಯದೇ ಚಿಂತೆ.

“ದೇವಿಕಾ, ಎರಡಾತು. ಮೂರನೇದು ಆಗ್ತದೇನು?”

“ಯಾರಿಗ್ರಿ ಅತ್ತಿ?”

“ನನಗ. ಸಂಡೂರಿನ ನಮ್ಮಪ್ಪನ ಮನಿ ಆಕಾಶದಿಂದ ಹೆಂಗ ಕಾಣ್ತದ, ನೋಡಬೇಕು. ಕಂಪ್ಯೂಟರಿನ ನಕ್ಷೆದಾಗ ಎಲ್ಲಾ ಊರೂ ಕಾಣ್ತಾವಂತಲ್ಲ?”

ಕಾವ್ಯ ಎದ್ದು ನಿಂತಳು. “ಇಲ್ಲೇ ಕುಂದ್ರಿ, ನಾ ತೋರಿಸ್ತೀನಿ.”

“ಬ್ಯಾಡ. ನಿನ್ನ ಜಾಗ ನಿನಗಿರ್ಲಿ, ನಂಗ ನಂದ ಬೇಕು.”

ಮೂರು ಆಗುತ್ತದೆಯೇ? ದೇವಿಕಾಗೂ ಗೊತ್ತಿರಲಿಲ್ಲ. ಅವಳು ಕುರ್ಚಿ ಎಳೆದುಕೊಂಡು, ಒಳಗಿನ ಕಂಪ್ಯೂಟರನ್ನು ಆರಿಸಿ, ಅದಕ್ಕೆ ಇನ್ನೊಂದು ಕಾರ್ಡ್ ಸೇರಿಸತೊಡಗಿದಳು.