ಕುರಿಗಳ ಸಾಲಿನಲ್ಲಿ ಒಂದು ಬೆಕ್ಕು

ಬೆಟ್ಟದೂರಿನ ಕಲೀಚಾಳ ಮನೆಯಲ್ಲಿ ಬೆಕ್ಕಿನ ಬಟ್ಟಲನ್ನು ಎಷ್ಟು ಸಲ ತುಂಬಿಸಿದರೂ ಖಾಲಿ. ಬೆಳಿಗ್ಗೆ ಕುರಿಮಾಂಸದ ಚೂರು, ಮಧ್ಯಾಹ್ನ ಮತ್ತೆ ಮಾಂಸ, ಸಂಜೆ ಹಾಲು. ಅಷ್ಟು ತಿಂದೂ ಬೆಕ್ಕು ಸೂಸಾರ್ ದಿನದಿನಕ್ಕೆ ಒಣಗುತ್ತಿದ್ದಳು. ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆ ಎಣಿಸಬಹುದಿತ್ತು. ನೀರಿನ ಬಕೆಟ್ಟಿಗೆ ಬಾಯಿಟ್ಟರೆ ತೆಗೆಯುತ್ತಿರಲಿಲ್ಲ. ಒಂದು ಕಡೆ ಕೂರುತ್ತಲೂ ಇರಲಿಲ್ಲ.

"ಬೆಕ್ಕಿಗೆ ಹದಿನಾಲ್ಕು ವರ್ಷ ಆಯ್ತಲ್ಲೇ ಮುದುಕಿ," ಎಂದ ಗಂಡ ಜುಮಾದಿಲ್, ಚಹಾ ಬಟ್ಟಲನ್ನು ಮುಂದೆ ನೂಕುತ್ತಾ. "ಎಣ್ಣೆ ತೀರಿದ ದೀಪ ಅದು. ಬತ್ತಿ ಎಳೆದ್ರೆ ಏನು ಬಂತು?"

"ನಿನಗೆ ಎಪ್ಪತ್ತೆರಡು. ನಿನ್ನ ದೀಪಕ್ಕೆ ನಾನು ದಿನಾ ಎಣ್ಣೆ ಹಾಕ್ತಾ ಇಲ್ವಾ?"

ಬಸುರಿ ಸೊಸೆ ಮೀರಿಮ್ ತೋಳಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಹದಿನಾಲ್ಕು ಚಳಿಗಾಲ ನಮ್ಮ ಹಿಟ್ಟಿನ ಪೆಟ್ಟಿಗೆಗೆ ಇಲಿ ಬಾಯಿ ಹಾಕದ ಹಾಗೆ ಕಾದಿದ್ದಾಳೆ," ಎಂದಳು ಕಲೀಚಾ. "ದುಡಿಸ್ಕೊಂಡು ಆಮೇಲೆ ಕೈಬಿಡೋದು ನನ್ನ ಮನೇಲಿ ನಡೆಯಲ್ಲ."

ಒಂದು ದಿನ ಬೆಕ್ಕಿನ ಗದ್ದದ ಕೆಳಗೆ ಸವರುವಾಗ ಅವಳ ಬೆರಳಿಗೆ ಹುರುಳಿಕಾಳಿನಷ್ಟು ಗಂಟು ಸಿಕ್ಕಿತು. ಆ ಬೆಟ್ಟದೂರಿನಲ್ಲಿ ಕೊರಳ ಗಂಟು ಕಾಣದ ಮನೆಯಿಲ್ಲ. ಕಲೀಚಾಳಿಗೇ ಥೈರಾಯ್ಡ್ ಇತ್ತು. ಹದಿನೆಂಟು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಒಂದು ಮಾತ್ರೆ ನುಂಗುತ್ತಿದ್ದಳು.

"ಇದೇನು ದೊಡ್ಡ ವಿದ್ಯೆ? ನನಗಿರೋ ಕಾಯಿಲೆಯೇ ಇವಳಿಗೂ ಬಂದಿದೆ," ಎಂದುಕೊಂಡಳು. ತನ್ನ ಮಾತ್ರೆಯನ್ನು ನಾಲ್ಕು ಚೂರು ಮಾಡಿ, ದಿನಕ್ಕೊಂದು ಚೂರನ್ನು ಕೆನೆಯಲ್ಲಿ ಕಲಸಿ ಕೊಟ್ಟಳು.

ಆರನೆಯ ದಿನ ಸೂಸಾರ್ ಬಾಯಿ ತೆರೆದು ನಾಯಿಯ ಹಾಗೆ ಏದುಸಿರು ಬಿಡತೊಡಗಿದಳು. ಕಲೀಚಾ ಅದರ ಎದೆಗೆ ಕೈಯಿಟ್ಟು ನೋಡಿದಳು. ಬಡಿತ ಎಣಿಕೆಗೆ ಸಿಗಲಿಲ್ಲ. ಕೂಡಲೇ ಬೆಕ್ಕನ್ನು ಚೀಲಕ್ಕೆ ಹಾಕಿ, ಮುಖ ಮಾತ್ರ ಹೊರಗೆ ಬಿಟ್ಟು, ದನಕುರಿಗಳ ಸಂತೆಗೆ ಹೊರಟಳು. ಅಲ್ಲಿನ ಗುಡಿಸಲಲ್ಲಿ ಪಶುವೈದ್ಯೆ ಐಜಮಾಲ್ ಕೂರುತ್ತಿದ್ದಳು.

ಸಾಲಿನಲ್ಲಿ ಕುರಿಗಳು, ಎರಡು ಕುದುರೆ, ಒಂದು ಹಸು. ನಡುವೆ ಕಲೀಚಾ. ಟಗರು ಹಿಡಿದವನೊಬ್ಬ, ಹಿರಿಯ ಹೆಂಗಸರನ್ನು ಕರೆಯುವ ಹಾಗೆ ಅಪಾ ಎಂದು ಕರೆದು ಹಲ್ಲು ಕಿರಿದ.

"ಅಪಾ, ಬೆಕ್ಕಿನ ಉಣ್ಣೆ ಕತ್ತರಿಸೋಕೆ ಬಂದ್ರಾ?"

ಸಾಲೆಲ್ಲ ನಕ್ಕಿತು. ಕಲೀಚಾ ಅಲುಗಲಿಲ್ಲ.

"ನಿನ್ನ ಟಗರನ್ನ ನೀನು ಚಳಿಗಾಲಕ್ಕೆ ತಿಂತೀಯ. ನನ್ನ ಬೆಕ್ಕನ್ನ ನಾನು ತಿನ್ನಲ್ಲ. ಈಗ ಹೇಳಪ್ಪ, ಡಾಕ್ಟರು ಯಾರಿಗೆ ಮೊದಲು ಬೇಕು?"

ಈ ಸಲ ಸಾಲು ನಕ್ಕಿದ್ದು ಅವನನ್ನು ನೋಡಿ.

ಐಜಮಾಲ್ ಬೆಕ್ಕಿನ ಕೊರಳು ಮುಟ್ಟಿದಳು, ಎದೆಗೆ ಕಿವಿಗೊಟ್ಟಳು. "ಅಪಾ, ಏನಾದ್ರೂ ಔಷಧಿ ಕೊಟ್ರಾ?"

ಸುಳ್ಳು ಹೇಳುವ ಹೆಂಗಸಲ್ಲ ಕಲೀಚಾ. "ಕೊಟ್ಟೆ. ನಾನು ನುಂಗೋ ಮಾತ್ರೇನೇ."

ಐಜಮಾಲ್ ಬೈಯಲಿಲ್ಲ. "ನಿಮ್ಮ ಗ್ರಂಥಿ ಏಳಲಾರದ ಸೋಮಾರಿ ಕುದುರೆ ಅಪಾ. ಅದನ್ನ ಎಬ್ಬಿಸೋಕೆ ಆ ಮಾತ್ರೆ. ಇವಳದ್ದು ಲಗಾಮು ಹರ್ಕೊಂಡು ಓಡ್ತಿರೋ ಕುದುರೆ. ಅದಕ್ಕೇ ಎಷ್ಟು ತಿಂದ್ರೂ ಮೈಗೆ ಹತ್ತಲ್ಲ, ಎದೆ ಹಾಗೆ ಹೊಡ್ಕೊಳ್ಳುತ್ತೆ. ಓಡೋ ಕುದುರೆಗೆ ನೀವು ಚಾಟಿ ಬೀಸಿದ್ರಿ. ಇನ್ನೂ ಒಂದು ವಾರ ಕೊಟ್ಟಿದ್ರೆ ಜೀವ ಉಳೀತಿರಲಿಲ್ಲ."

ಕಲೀಚಾ ಬೆಕ್ಕಿನ ತಲೆಯನ್ನು ಚೀಲದ ಜೊತೆಗೇ ಎದೆಗೆ ಒತ್ತಿಕೊಂಡಳು. "ತಪ್ಪು ನನ್ನದು. ಲಗಾಮು ಎಲ್ಲಿದೆ ಹೇಳು."

ಐಜಮಾಲ್ ಹಳೆಯ ಮಾತ್ರೆ ನಿಲ್ಲಿಸಿದಳು. ರಕ್ತ ತೆಗೆದು ನಗರಕ್ಕೆ ಕಳಿಸಿದಳು. ಐದನೆಯ ದಿನ ಫಲಿತಾಂಶ ಹಿಡಿದು ಮನೆಗೇ ಬಂದಳು. ಅನುಮಾನ ನಿಜವಾಗಿತ್ತು. ಗ್ರಂಥಿಯ ಓಟ ತಗ್ಗಿಸುವ ಮಾತ್ರೆಯನ್ನು ದಿನಕ್ಕೆ ಎರಡು ಸಲ, ಹೊತ್ತು ತಪ್ಪದೆ ಕೊಡಬೇಕಿತ್ತು.

ಮನೆಯ ಕೆಲಸವೆಂದರೆ ಸೊಸೆಯ ಕೆಲಸ. ಮೀರಿಮ್ ಎದ್ದು ಕೈ ಚಾಚಿದಳು. ಐಜಮಾಲ್ ಪೊಟ್ಟಣವನ್ನು ಹಿಂದಕ್ಕೆ ಎಳೆದುಕೊಂಡಳು.

"ನೀನು ಮುಟ್ಟಬೇಡ ತಂಗಿ. ಬಸುರಿಯರು, ಹಾಲೂಡಿಸೋ ತಾಯಂದಿರು ಈ ಮಾತ್ರೆ ಮುಟ್ಟಬಾರದು. ಮಗೂಗೆ ತೊಂದ್ರೆ. ಬೆಕ್ಕಿನ ಹೇಲು ಉಚ್ಚೆ ಬಳಿಯೋದೂ ಬೇರೆಯವರೇ ಮಾಡ್ಲಿ. ಅವ್ರೂ ಆಮೇಲೆ ಸೋಪು ಹಾಕಿ ಕೈ ತೊಳೀಲಿ."

ಎಲ್ಲರ ಕಣ್ಣೂ ಜುಮಾದಿಲನ ಮೇಲೆ ಬಿತ್ತು.

"ನಾನಾ? ನಾನು ಕುದುರೆ ಪಳಗಿಸಿದವನು!"

"ಹಾಗಾದ್ರೆ ಬೆಕ್ಕೇನು ಮಹಾ?" ಎಂದಳು ಕಲೀಚಾ.

ಮೊದಲು ಮಾತ್ರೆಯನ್ನು ಕೆನೆಯಲ್ಲಿಟ್ಟರು. ಸೂಸಾರ್ ಕೆನೆ ನೆಕ್ಕಿ ಮಾತ್ರೆಯನ್ನು ಜಮಖಾನೆಯ ಮೇಲೆ ಉಗುಳಿದಳು. ಕುರಿಕೊಬ್ಬಿನಲ್ಲಿ ಮುಚ್ಚಿದರು. ಕೊಬ್ಬು ಹೊಟ್ಟೆಗೆ ಹೋಯಿತು, ಮಾತ್ರೆ ಮತ್ತೆ ಜಮಖಾನೆಗೆ. ಜುಮಾದಿಲ್ ಅಂಗಿಯ ತೋಳು ಮಡಚಿ ಬೆಕ್ಕನ್ನು ಹಿಡಿಯಲು ಹೋದ. ಮರುಕ್ಷಣ ಅವನ ಮೂಗಿನ ಮೇಲೆ ಮೂರು ಕೆಂಪು ಗೆರೆ.

"ಪುಡಿ ಮಾಡಿ ಹಾಲಿಗೆ ಹಾಕಿದ್ರೆ?" ಎಂದ ಮೂಗು ಒತ್ತಿಕೊಂಡು.

"ಬೇಡ ಅತಾ," ಎಂದು ಐಜಮಾಲ್ ಹಿರಿಯನನ್ನು ತಡೆದಳು. "ಕಹಿ ಆದ್ರೆ ಹಾಲನ್ನೂ ಮುಟ್ಟಲ್ಲ. ಪುಡಿ ನಿಮ್ಮ ಕೈಗೂ ಉಸಿರಿಗೂ ಹತ್ತುತ್ತೆ. ಇಡೀ ಮಾತ್ರೇನೇ ಹೋಗಬೇಕು."

ಕಲೀಚಾ ಎದ್ದು ಒಳಗಿನಿಂದ ದಪ್ಪ ಬಟ್ಟೆಯೊಂದನ್ನು ತಂದಳು. ಆ ಬೀದಿಯಲ್ಲಿ ಯಾರಿಗೇ ಮಗುವಾಗಲಿ, ಮೊದಲ ಸಲ ಬಟ್ಟೆ ಸುತ್ತಿ ತೊಟ್ಟಿಲಿಗೆ ಕಟ್ಟಲು ಕರೆಯುವುದು ಅವಳನ್ನೇ. ಪದ್ಧತಿಯಂತೆ ಮಗುವನ್ನು ಬೇಕೆಂದೇ ತಿರುವುಮುರುವಾಗಿ ಮಲಗಿಸಿ "ಹೀಗಾ?" ಎಂದು ಕೇಳಬೇಕು. ಸೇರಿದವರು "ಅಲ್ಲ!" ಎಂದು ಕೂಗಬೇಕು. ಸರಿಯಾಗಿ ಮಲಗಿಸಿದ ಮೇಲೆ "ಹೌದು!" ಎನ್ನಬೇಕು.

"ನೂರು ಮಕ್ಕಳನ್ನ ಕಟ್ಟಿದ ಕೈ ಇದು," ಎಂದಳು. "ಒಂದು ಬೆಕ್ಕಿಗೆ ಸೋಲಲ್ಲ."

ಸೂಸಾರಳನ್ನು ಬಟ್ಟೆಯ ಮೇಲೆ ಕೂರಿಸಿ, ಎಡದಿಂದ ಒಂದು ಸುತ್ತು, ಬಲದಿಂದ ಒಂದು ಸುತ್ತು. ಕಾಲು ನಾಲ್ಕೂ ಒಳಗೆ, ತಲೆ ಮಾತ್ರ ಹೊರಗೆ. ಆ ಗಂಟನ್ನು ಜುಮಾದಿಲನ ಮಡಿಲಿಗೆ ಕೊಟ್ಟಳು. ಅವನು ಬೆಕ್ಕಿನ ಗದ್ದಕ್ಕೆ ಕೈ ಹಾಕಿದ.

"ಹೀಗಾ?"

"ಅಲ್ಲ!" ಎಂದು ಮೂರು ಹೆಂಗಸರೂ ಕೂಗಿದರು.

"ತಲೇನ ಮೇಲಿಂದ ಹಿಡೀರಿ," ಎಂದಳು ಐಜಮಾಲ್. "ಮೂಗು ಸೂರಿನ ಕಡೆ ಎತ್ತಿ. ಇನ್ನೊಂದು ಕೈಯಿಂದ ಕೆಳದವಡೆ ಇಳಿಸಿ. ಮಾತ್ರೆ ನಾಲಗೆಯ ಹಿಂದಕ್ಕೆ, ಇನ್ನೂ ಹಿಂದಕ್ಕೆ. ಬಾಯಿ ಮುಚ್ಚಿ. ಗಂಟಲು ಸವರಿ."

ಸೂಸಾರ್ ನುಂಗಿ ಮೂಗು ನೆಕ್ಕಿಕೊಂಡಳು. ಮಾತ್ರೆ ಗಂಟಲಲ್ಲಿ ಅಂಟದಿರಲೆಂದು ಐಜಮಾಲ್ ತುಟಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವಾಗಿ ನೀರು ಬಿಟ್ಟಳು. ಆಮೇಲೆ ಬೆಕ್ಕಿಗೊಂದು ಮಾಂಸದ ಚೂರು ಸಿಕ್ಕಿತು.

"ಹೀಗಾ?" ಎಂದ ಜುಮಾದಿಲ್ ಮತ್ತೆ, ಮೂಗಿನ ಗಾಯ ಮರೆತು.

"ಹೌದು!"

ಮೂರು ವಾರ ಕಳೆಯಿತು. ಸೂಸಾರಳ ಬೆನ್ನಮೂಳೆ ಕೈಗೆ ಸಿಗುವುದು ಕಡಿಮೆಯಾಯಿತು. ಮಧ್ಯಾಹ್ನ ಬಿಸಿಲಲ್ಲಿ ಕಾಲು ಚಾಚಿ ನಿದ್ದೆ ಮಾಡತೊಡಗಿದಳು.

"ವಾಸಿಯಾಯ್ತಲ್ಲ, ಇನ್ನು ಮಾತ್ರೆ ಸಾಕು," ಎಂದ ಜುಮಾದಿಲ್.

"ನನ್ನ ಮಾತ್ರೆ ಹದಿನೆಂಟು ವರ್ಷದಿಂದ ನಡೀತಾ ಇದೆ. ಅದನ್ನೂ ಸಾಕು ಅಂತೀಯಾ? ಆಮೇಲೆ ನಿನಗೆ ಚಹಾ ಕಾಸೋರು ಯಾರು? ಮಾತ್ರೆ ತಿಂತಿರೋದಕ್ಕೇ ಅವಳು ಹೀಗಿರೋದು. ನಡಿ, ರಕ್ತ ನೋಡಿಸೋ ದಿನ ಇವತ್ತು."

ಸಂತೆಯ ಸಾಲಿನಲ್ಲಿ ಅದೇ ಮನುಷ್ಯ ನಿಂತಿದ್ದ, ಬೇರೊಂದು ಟಗರು ಹಿಡಿದು.

"ಏನು ಅತಾ, ನೀವೂ ಬೆಕ್ಕಿನ ಹಿಂದೆ ಬಿದ್ರಾ? ಇನ್ನೂ ಬದುಕಿದೆಯಾ ಅದು?"

ಕಲೀಚಾ ಬಾಯಿ ತೆರೆಯುವ ಮೊದಲೇ ಜುಮಾದಿಲ್ ಚೀಲವನ್ನು ಎತ್ತಿ ತೋರಿಸಿದ.

"ಬದುಕಿದ್ದಾಳೆ, ನೋಡು. ನಿನ್ನ ಹಳೇ ಟಗರೆಲ್ಲಿ?"

ನೀವೂ ನಿಮ್ಮ ಮನೆಯ ಬೆಕ್ಕಿನ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ. ಹೊಟ್ಟೆ ತುಂಬ ತಿಂದೂ ಸೊರಗುತ್ತಿದ್ದರೆ, ನೀರು ಹೆಚ್ಚು ಕುಡಿಯುತ್ತಿದ್ದರೆ, ನೆಲೆ ನಿಲ್ಲದೆ ತಿರುಗುತ್ತಿದ್ದರೆ, ಮುಪ್ಪು ಎಂದು ಸುಮ್ಮನಾಗಬೇಡಿ. ಪಶುವೈದ್ಯರಿಗೆ ತೋರಿಸಿ. ಕಾಯಿಲೆಯ ಹೆಸರು ಒಂದೇ ಎಂದು ನಿಮ್ಮ ಮಾತ್ರೆಯನ್ನು ಅದರ ಬಾಯಿಗೆ ಹಾಕಬೇಡಿ. ವೈದ್ಯರು ಹೇಳಿದಷ್ಟನ್ನೇ ಹೇಳಿದ ಹೊತ್ತಿಗೆ ಕೊಡಿ. ಬೆಕ್ಕು ಗೆಲುವಾಯಿತೆಂದು ನಿಲ್ಲಿಸಬೇಡಿ. ಮಾತ್ರೆ ಶುರುವಾದ ಮೇಲೆ ವಾಂತಿ ಮಾಡಿದರೆ, ಊಟ ಬಿಟ್ಟರೆ, ಮುಖ ಕೆರೆದುಕೊಂಡರೆ ಆ ದಿನವೇ ವೈದ್ಯರಿಗೆ ತಿಳಿಸಿ.

ಬೆಕ್ಕಿಗೂ ಡಾಕ್ಟರಾ ಎಂದು ಜನ ನಗುತ್ತಾರೆ. ನಗಲಿ. ನೀವು ಸಾಲು ಬಿಟ್ಟು ಕದಲಬೇಡಿ.