ಎರಡು ಗೆರೆಗಳ ನಡುವಿನ ಚುಕ್ಕೆ

ಮೇಣ ಇನ್ನೂ ಮೆತ್ತಗಿದೆ, ಈಗ ಹಲ್ಲು ಕೂರಿಸಿದರೆ ಜಾರುತ್ತದೆ, ಒಂದು ಗಳಿಗೆ ತಡೆಯಬೇಕು, ಅಷ್ಟರಲ್ಲಿ ಮೆಟ್ಟಿಲ ಹತ್ತಿರ ಹೋಗಿ ಫೋನು ನೋಡಿಬರಬಹುದು — ಹಲ್ಲುಸೆಟ್ಟು ಮಾಡುವ ಈ ನೆಲಮಾಳಿಗೆಯಲ್ಲಿ ಸಿಗ್ನಲ್ಲು ಸಿಗುವುದು ಮೆಟ್ಟಿಲ ಮೇಲೆ ಮಾತ್ರ, ಅದೂ ಗೋಡೆಗೆ ಒರಗಿ ನಿಂತರೆ, ಒರಗಿದರೆ ಬೆನ್ನೆಲ್ಲ ಸುಣ್ಣ, ಆಗಲಿ, ಬೆಳಿಗ್ಗೆಯಿಂದ ಎಷ್ಟು ಸಲ ಒರಗಿದಳೋ, ಪ್ಲಾಸ್ಟರ್ ಕಲಸುವವನು ಹಲ್ಲು ಕಿರಿಯುತ್ತಿದ್ದಾನೆ, ಏನಕ್ಕಾ, ಮೆಟ್ಟಿಲಿಗೂ ನಿಮಗೂ ಏನು ನಂಟು, ಸುಮ್ಮನೆ ನಿನ್ನ ಕೆಲಸ ನೋಡೋ, ನಮ್ಮಪ್ಪ ಇವತ್ತು ಒಬ್ಬರೇ ರೈಲು ನಿಲ್ದಾಣಕ್ಕೆ ಹೊರಟಿದಾರೆ. ಫೋನಿನ ನಕ್ಷೆಯಲ್ಲಿ ಅಪ್ಪ ಒಂದು ನೀಲಿ ಚುಕ್ಕೆ. ಚುಕ್ಕೆ ಔಷಧಿ ಅಂಗಡಿ ದಾಟಿತು, ಅಂಚೆ ಕಚೇರಿಯ ಮೂಲೆಯಲ್ಲಿ ನಿಂತಿತು, ಯಾಕೆ ನಿಂತಿತು, ಗಾಡಿಗಳಿಗೆ ನಿಂತಿರಬೇಕು, ಹಾಂ, ಹೊರಟಿತು, ಭೇಷ್ ಅಪ್ಪಾ. ಕಣ್ಣೊಳಗಿನ ಒತ್ತಡ ಏರಿ ಏರಿ ಕೊನೆಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ತಿಳಿಯುವಂತಾದ ಮನುಷ್ಯ, ಹೇಗೆ ನಡೆಯುತ್ತಿದ್ದಾನೆ ನೋಡು, ಕೈಯಲ್ಲಿ ಬಿಳಿ ಕೋಲು, ಕಿವಿಯಲ್ಲಿ ಫೋನಿನ ದನಿ, ನೇರ ಹೋಗಿ, ಎಡಕ್ಕೆ ತಿರುಗಿ, ಇಲ್ಲಿ ರಸ್ತೆ ದಾಟಿ. ದನಿ ಯಾರದೋ, ದನಿಗೆ ದಾರಿ ಕಲಿಸಿದವಳು ತಾನು. ಯಾರು ಬೇಕಾದರೂ ಬಿಡಿಸಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಅದು, ಬಿಟ್ಟಿ ಚಾಕರಿ ಎನ್ನುತ್ತಾರೆ ಮಾಲೀಕರು, ಆದರೆ ಔಷಧಿ ಅಂಗಡಿಯ ಬಾಗಿಲನ್ನು ಬಾಗಿಲಿದ್ದ ಕಡೆಗೇ ಇಟ್ಟವಳು ಇವಳು, ಅಂಚೆ ಕಚೇರಿಯ ಮುರುಕು ಮೆಟ್ಟಿಲು, ರಸ್ತೆ ಬದಿಯ ಬೆಂಚು, ನೀರಿನ ನಲ್ಲಿ, ಎಲ್ಲ ಭಾನುವಾರಗಳ ದುಡಿಮೆ, ಸಿನಿಮಾ ಬಿಟ್ಟು, ಬಟ್ಟೆ ಒಗೆಯುವುದು ಬಿಟ್ಟು. ಈಗ ಆ ಭಾನುವಾರಗಳ ಮೇಲೆ ಅಪ್ಪ ಹೆಜ್ಜೆ ಇಟ್ಟುಕೊಂಡು ಹೋಗುತ್ತಿದ್ದಾನೆ. ಮೇಣ ಗಟ್ಟಿಯಾಗಿರಬೇಕೆಂದು ನೆನಪಾಗಿ ಕೆಳಗಿಳಿದಳು.

ದೀಪದ ಉರಿ ಸಣ್ಣದು ಮಾಡಿ ಮೇಣದ ಚಮಚ ಬಿಸಿಗಿಟ್ಟಳು, ಇದು ಯಾರ ಬಾಯಿಯೋ, ಮೇಲಿನ ಸಾಲು ಪೂರಾ ಹೋಗಿದೆ, ಅಪ್ಪನ ಹಲ್ಲು ಮಾತ್ರ ಇನ್ನೂ ಗಟ್ಟಿ, ಬಡಗಿಯ ಹಲ್ಲು ಕಣೇ ಇದು, ಮೊಳೆ ಕಚ್ಚಿಕೊಂಡು ಕಚ್ಚಿಕೊಂಡು ಉಕ್ಕಾಗಿದೆ ಎನ್ನುತ್ತಾನೆ. ಎಷ್ಟೋ ಮನೆಯ ಬಾಗಿಲು ಮಾಡಿದ ಕೈ, ಈಗ ಮನೆಯ ಬಾಗಿಲ ಚಿಲಕ ತಡಕುತ್ತದೆ. ಸೋದರತ್ತೆ ಬಿದ್ದು ಸೊಂಟ ಮುರಿದುಕೊಂಡಳೆಂದು ಸುದ್ದಿ ಬಂದ ದಿನದಿಂದ ಅಪ್ಪನದು ಒಂದೇ ಪಟ್ಟು, ನೋಡಿ ಬರ್ತೀನಿ, ಭಾನುವಾರ ಕರ್ಕೊಂಡು ಹೋಗ್ತೀನಿ ಇರಪ್ಪಾ, ಬೇಡ, ಒಬ್ಬನೇ ಹೋಗ್ತೀನಿ, ನಾನೇನು ಪಾರ್ಸಲ್ಲಾ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸೋಕೆ, ರೈಲು ಹತ್ತಿ ಕೂತರೆ ಎರಡನೇ ನಿಲ್ದಾಣ, ಅಲ್ಲಿ ಅವಳ ಮಗ ಬರ್ತಾನಂತೆ. ಮೂದಲಿಸಿದಳು, ಬೇಡಿಕೊಂಡಳು. ಅಲ್ಲ ಕಣಮ್ಮ, ನೀನು ಗೀಚಿದ ನಕ್ಷೆ ಮೇಲೆ ನಿನಗೇ ನಂಬಿಕೆ ಇಲ್ವಾ, ಅಂದುಬಿಟ್ಟ. ಅಳತೆ ಕೊಟ್ಟವರನ್ನ ನಂಬಬೇಕು, ನಂಬದೆ ಮರಕ್ಕೆ ಗರಗಸ ಹಾಕೋಕಾಗುತ್ತಾ. ಹಾಗಾದರೆ ನಾನು ಹೇಳಿದ ಹಾಗೆ ಕೇಳಬೇಕು, ದನಿ ತಲುಪಿದ್ದೀರಿ ಅನ್ನೋವರೆಗೂ ನಿಲ್ಲಬಾರದು, ಅಂದ ಮೇಲೆ ಅಲ್ಲಿಂದ ಕದಲಬಾರದು, ರೈಲು ಬಂದ ಸದ್ದಾದರೆ ಪಕ್ಕದವರನ್ನ ಕೇಳು, ಆಮೇಲೆ ಇನ್ನೊಂದು, ದಾರಿಯಲ್ಲಿ ಫೋನ್ ಬಂದರೆ ಎತ್ತಬೇಡ, ಎತ್ತಿದರೆ ದಾರಿ ಹೇಳೋದು ನಿಂತುಹೋಗುತ್ತೆ. ನೀನು ಮಾಡಿದ್ರೂ ಎತ್ತಬಾರದಾ? ನಾನು ಮಾಡಿದ್ರೂ ಎತ್ತಬೇಡ. ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ. ಅಪ್ಪ ಒಪ್ಪಿಕೊಂಡ ಮಾತು ಮುರಿಯುವವನಲ್ಲ, ಅದೊಂದು ಧೈರ್ಯ.

ಮೊದಲು ಮಧ್ಯದ ಗೆರೆ, ಮೂಗಿನ ನೇರಕ್ಕೆ ಮೇಣದ ಮೇಲೆ ಒಂದು ಗೀರು, ಗೀರಿನ ಈ ಪಕ್ಕ ಒಂದು ಮುಂದಿನ ಹಲ್ಲು, ಆ ಪಕ್ಕ ಇನ್ನೊಂದು, ಮಧ್ಯ ತಪ್ಪಿದರೆ ಇಡೀ ಮುಖವೇ ಸೊಟ್ಟ, ಮಧ್ಯದಲ್ಲಿಡಿ, ಎಲ್ಲವನ್ನೂ ಮಧ್ಯದಲ್ಲಿಡಿ — ಇದು ಯಾರ ಮಾತು, ಮಾಲೀಕರದಲ್ಲ, ಗೂಬೆಯದು. ನಕ್ಷೆಯವರ ಗುಂಪಿನಲ್ಲಿ ಗೂಬೆ ಎಂದೇ ಹೆಸರಾದ ಆಸಾಮಿ, ಮುಖ ಕಂಡವರಿಲ್ಲ, ಎಲ್ಲರ ಕೆಲಸದಲ್ಲೂ ಮೂಗು ತೂರಿಸುತ್ತಾನೆ, ಆದರೆ ಹೇಳುವುದು ಸರಿಯಾಗೇ ಇರುತ್ತದೆ. ನೀವು ನಿಲ್ದಾಣದ ಚುಕ್ಕೆಯನ್ನ ಗೇಟಿನ ಹತ್ತಿರ ಇಟ್ಟಿದ್ದೀರಿ, ಅದು ತಪ್ಪು, ಗೇಟು ಬೇರೆ, ನಿಲ್ದಾಣ ಬೇರೆ, ಎರಡೂ ಪ್ಲಾಟ್‌ಫಾರಂ ಸೇರಿ ನಿಲ್ದಾಣ ಒಂದೇ ಅಲ್ವಾ, ಚುಕ್ಕೆ ಎರಡರ ಮಧ್ಯಕ್ಕೆ ಬರಬೇಕು, ಎಲ್ಲಾ ಊರಲ್ಲೂ ಹಾಗೇ ಇಡ್ತಾರೆ, ನೋಡೋಕೂ ಚೆಂದ. ಮೊದಲು ಮುಖ ಕೆಂಪಾಗಿತ್ತು, ಆಮೇಲೆ ಒಪ್ಪಿದಳು, ನಿಜ, ನೋಡಲು ಚೆಂದ, ಆ ಇಡೀ ಮಾರ್ಗದ ನಿಲ್ದಾಣಗಳನ್ನೆಲ್ಲ ಒಂದೇ ಮಧ್ಯಾಹ್ನ ತಾನೇ ಜರುಗಿಸಿದಳು, ಗೇಟಿನಿಂದ ಎತ್ತಿ, ಹೋಗುವ ಹಳಿ ಬರುವ ಹಳಿ ಎರಡರ ನಡುವೆ, ಅಚ್ಚುಕಟ್ಟಾಗಿ. ಗೂಬೆ ಹೆಬ್ಬೆಟ್ಟಿನ ಚಿತ್ರ ಹಾಕಿ ಶಹಬ್ಬಾಸ್ ಹೇಳಿದ್ದ. ಗೀರಿನ ಈ ಪಕ್ಕ ಒಂದು ಹಲ್ಲು. ಹಳಿಗಳ ನಡುವೆ. ದನಿ ತಲುಪಿದ್ದೀರಿ ಅನ್ನೋವರೆಗೂ ನಿಲ್ಲಬಾರದು. ದನಿ ಅಪ್ಪನನ್ನು ಕರೆದೊಯ್ಯುವುದು ಎಲ್ಲಿಗೆ, ಔಷಧಿ ಅಂಗಡಿ ಎಂದರೆ ಅಂಗಡಿಯ ಚುಕ್ಕೆಗೆ, ಅಂಚೆ ಕಚೇರಿ ಎಂದರೆ ಅದರ ಚುಕ್ಕೆಗೆ, ಅವೆಲ್ಲ ಬಾಗಿಲ ಬಳಿ ಇದ್ದವು, ಅಭ್ಯಾಸ ಮಾಡಿಸಿದ್ದೆಲ್ಲ ಬಾಗಿಲಿಗೆ, ನಿಲ್ದಾಣ ಎಂದರೆ — ಹಲ್ಲು ಕೈಯಿಂದ ಜಾರಿ ಟಣ್ ಎಂದು ನೆಲಕ್ಕೆ ಬಿತ್ತು.

ಮೆಟ್ಟಿಲು. ಗೋಡೆ. ಚುಕ್ಕೆ ಗೇಟು ದಾಟಿದೆ. ಬೇಡಪ್ಪಾ. ಕರೆ ಮಾಡಿದಳು, ರಿಂಗಾಗುತ್ತಿದೆ, ಎತ್ತು, ಎತ್ತುವುದಿಲ್ಲ, ನಾನು ಮಾಡಿದ್ರೂ ಎತ್ತಬೇಡ ಎಂದ ಬಾಯಿಗೆ ಮಣ್ಣು ಹಾಕ, ಮತ್ತೆ ಮಾಡಿದಳು, ರಿಂಗಾಗುತ್ತಿದೆ, ಜೇಬಿನಲ್ಲಿ ಅದುರುವುದು ಅವನಿಗೆ ಗೊತ್ತಾಗುತ್ತಿದೆ, ಮೀಸೆಯಲ್ಲೇ ನಗುತ್ತಿದ್ದಾನೆ, ಪರೀಕ್ಷೆ ಮಾಡ್ತಿದಾಳೆ ನನ್ನ ಮಗಳು, ಎತ್ತಲ್ಲ ಹೋಗು. ಕೋಲಿಗೆ ತಿಳಿಯುತ್ತದಲ್ಲ, ಅಂಚು ಬಂದರೆ ಕೋಲಿಗೆ ತಿಳಿಯುತ್ತದೆ — ಯಾವ ಅಂಚು, ಆ ಹಾಳು ನಿಲ್ದಾಣದ ಪ್ಲಾಟ್‌ಫಾರಂ ಫುಟ್‌ಪಾತಿಗಿಂತ ಎತ್ತರವಿಲ್ಲ, ಜನ ಚೀಲ ಹೊತ್ತು ಹಾಗೇ ಇಳಿದು ಹಳಿ ದಾಟುತ್ತಾರೆ, ಕಣ್ಣಾರೆ ನೋಡಿದ್ದಾಳೆ, ಫುಟ್‌ಪಾತು ಇಳಿದು ದನಿ ಹೇಳಿದ ಕಡೆ ಹೋಗು ಎಂದು ಅಪ್ಪನಿಗೆ ಕಲಿಸಿದ್ದಾಳೆ, ಕಾಲಡಿ ಜಲ್ಲಿ ಸಿಕ್ಕರೆ ರಸ್ತೆ ಅಗೆದಿದ್ದಾರೆ ಅಂದುಕೊಳ್ಳುತ್ತಾನೆ, ಅಗೆಯದ ರಸ್ತೆ ಈ ಊರಲ್ಲಿ ಎಲ್ಲಿದೆ. ಯಾರಾದರೂ ಕೈ ಹಿಡಿಯಬಾರದೇ, ಅವನ ರೈಲಿಗೆ ಇನ್ನೂ ಹೊತ್ತಿದೆ, ಅದು ಬರುವ ಹೊತ್ತಾಗುವತನಕ ಅಲ್ಲಿ ನಾಯಿಯೂ ಇರುವುದಿಲ್ಲ. ನಿಲ್ದಾಣದ ನಂಬರಿದೆ, ತಾನೇ ಬರೆದದ್ದು, ಗೇಟಿನ ಬೋರ್ಡು ನೋಡಿ, ಮಾಡಿದಳು, ಎಲ್ಲೋ ಬೀಗ ಹಾಕಿದ ಕೋಣೆಯಲ್ಲಿ ಅದು ಬಡಿದುಕೊಳ್ಳುತ್ತಿರಬೇಕು, ಎತ್ತುವವರಿಲ್ಲ. ಸಹಾಯವಾಣಿಗೆ ಮಾಡಿದಳು, ನಿಮ್ಮ ಕರೆ ನಮಗೆ ಅಮೂಲ್ಯ, ಸಂಗೀತ, ನಿಮ್ಮ ಕರೆ ನಮಗೆ, ಸಂಗೀತ. ಗೇಟಿನೆದುರು ಸೈಕಲ್ ರಿಪೇರಿ ಅಂಗಡಿ ಇದೆ, ಅದು ಯಾವಾಗ ತೆರೆಯುತ್ತದೆ, ಯಾವ ವಾರ ರಜೆ, ಗಾಳಿ ಹಾಕುತ್ತಾರೋ ಇಲ್ಲವೋ, ಎಲ್ಲ ಬರೆದಿದ್ದಾಳೆ, ನಂಬರು ಮಾತ್ರ ಕೇಳಲಿಲ್ಲ, ಸಂಕೋಚ. ಏನಾಯ್ತಕ್ಕಾ, ಪ್ಲಾಸ್ಟರಿನವನು ಬಿಳಿ ಕೈ ಒರೆಸಿಕೊಳ್ಳುತ್ತ ಮೆಟ್ಟಿಲ ಕೆಳಗೆ ನಿಂತಿದ್ದಾನೆ, ನಮ್ಮಪ್ಪ ಕಣೋ, ಹಳಿ ಮೇಲೆ, ಯಾವ ಹಳಿ, ನಾನೇ ಕಣೋ, ನಾನೇ ಕಳಿಸಿದ್ದು, ಆಟೋ ಹಿಡೀರಿ ಅಕ್ಕಾ, ನಡೀರಿ, ನಾನೂ ಬರ್ತೀನಿ, ಊರಿನ ಆ ತುದಿ, ಆಟೋ ಹೋಗಿ ಮುಟ್ಟುವಷ್ಟರಲ್ಲಿ — ಅವನು ಹೊರಗೋಡಿ ರಸ್ತೆಯಲ್ಲಿ ಕೂಗುತ್ತಿದ್ದಾನೆ, ಆಟೋ, ಆಟೋ, ಇವಳು ಗೋಡೆಗೆ ಒರಗಿಯೇ ಇದ್ದಾಳೆ, ಮೆಟ್ಟಿಲು ಬಿಟ್ಟರೆ ಸಿಗ್ನಲ್ಲು ಹೋದೀತು, ಚುಕ್ಕೆ ಕಣ್ಣಿಂದ ಮರೆಯಾದೀತು ಎಂಬ ಹುಚ್ಚು ಭಯ.

ಚುಕ್ಕೆ ನಿಂತಿದೆ. ಅದರ ಸುತ್ತ ತಿಳಿನೀಲಿಯ ದೊಡ್ಡ ವೃತ್ತ, ಫೋನಿಗೆ ನಿಖರ ತಿಳಿಯದಿದ್ದಾಗ ಹಾಗೆ ಬರೆಯುತ್ತದೆ, ಮನುಷ್ಯ ಇದರೊಳಗೆ ಎಲ್ಲೋ ಇದ್ದಾನೆ, ಎಲ್ಲೆಂದು ನಾನರಿಯೆ ಎಂದು. ವೃತ್ತದೊಳಗೆ ಗೇಟಿದೆ, ಬೆಂಚಿದೆ, ಎರಡೂ ಪ್ಲಾಟ್‌ಫಾರಂ ಇವೆ, ಬೆಂಚಿನ ಮೇಲೆ ಕೂತಿರಬಹುದು, ಕೂತಿದ್ದಾನೆ, ಕೋಲು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಾನೆ, ಯಾರೋ ಪುಣ್ಯಾತ್ಮರು ಕೂರಿಸಿದ್ದಾರೆ, ನಾಳೆ ಇದನ್ನು ಹೇಳಿಕೊಂಡು ನಗುತ್ತಾರೆ. ನಿಲ್ಲದೆ ಹೋಗುವ ರೈಲೊಂದಿದೆ ಈ ಹೊತ್ತಿಗೆ, ಅದು ಯಾವ ಹಳಿ, ಆ ಮಾರ್ಗವನ್ನೂ ತಾನೇ ನಕ್ಷೆಗೆ ಏರಿಸಿದ್ದು, ಈಗ ನೆನಪಾಗುತ್ತಿಲ್ಲ. ಅಲ್ಲೇ ಇರು ಅಪ್ಪಾ, ಕದಲಬೇಡ, ಅಲ್ಲ, ಕದಲು, ಹಿಂದಕ್ಕೆ ಬಾ, ಹಿಂದೆ ಎಂದರೆ ಯಾವ ಕಡೆ, ಹಿಂದೆಯೂ ಹಳಿ ಮುಂದೆಯೂ ಹಳಿ, ಏನು ಹೇಳಲಿ ನಿನಗೆ, ಹೇಳಿದರೆ ಕೇಳುವ ನೀನು, ಹೇಳಲಾರದ ನಾನು. ತಿದ್ದಬಹುದು, ತಿದ್ದುವುದು ಗೊತ್ತು, ಜೀವಮಾನದಲ್ಲಿ ಕಲಿತದ್ದು ಅದೊಂದೇ, ನಕ್ಷೆಯನ್ನು ತಿದ್ದಲು ತೆರೆದಳು, ನಿಲ್ದಾಣದ ಚುಕ್ಕೆಯನ್ನು ಒತ್ತಿ ಹಿಡಿದಳು, ಎಳೆದಳು, ಹಳಿಯಿಂದ ಪ್ಲಾಟ್‌ಫಾರಂಗೆ, ಪ್ಲಾಟ್‌ಫಾರಂನಿಂದ ಗೇಟಿಗೆ, ಎಷ್ಟು ಸುಲಭವಾಗಿ ಬಂತು, ಉಳಿಸಿದಳು. ನಿಮ್ಮ ಕೊಡುಗೆಗೆ ಧನ್ಯವಾದ ಎಂದಿತು ನಕ್ಷೆ. ಅಪ್ಪನ ಫೋನಿಗೆ ಅದು ಹೋಗುವುದಿಲ್ಲ. ದಾರಿಯಲ್ಲಿ ಸಿಗ್ನಲ್ಲು ಸಿಗದೆ ಒದ್ದಾಡಬಾರದೆಂದು ಹೋದ ಭಾನುವಾರ ಇಡೀ ಊರಿನ ನಕ್ಷೆಯನ್ನೇ ಅದರೊಳಗೆ ತುಂಬಿಸಿಕೊಟ್ಟಿದ್ದಾಳೆ, ಅವನ ಜೇಬಿನಲ್ಲಿ ನಿಲ್ದಾಣ ಇನ್ನೂ ಹಳಿಗಳ ನಡುವೆಯೇ ಇದೆ, ದನಿ ಹೇಳಿಯಾಯಿತು, ತಲುಪಿದ್ದೀರಿ, ಅಲ್ಲಿಂದ ಕದಲಬಾರದು.

ವೃತ್ತ ಕಿರಿದಾಯಿತು. ಗೇಟು ಹೊರಗೆ ಬಿತ್ತು, ಬೆಂಚು ಹೊರಗೆ ಬಿತ್ತು. ಬಾಗಿಲಾಚೆ ಆಟೋ ನಿಂತ ಸದ್ದು, ಅಕ್ಕಾ ಬನ್ನಿ, ಅಕ್ಕಾ, ಅವಳು ನೀಲಿ ಚುಕ್ಕೆಯ ಮೇಲೆ ಬೆರಳಿಟ್ಟು ಒತ್ತಿ ಎಳೆದಳು, ಊರೇ ಜರುಗಿತು, ರಸ್ತೆ ಜರುಗಿತು, ಹಳಿ ಜರುಗಿತು, ಹಳಿಯ ಜೊತೆಗೇ ಚುಕ್ಕೆ, ಬಿಟ್ಟಳು, ಮತ್ತೆ ಎಳೆದಳು, ವೃತ್ತ ಇನ್ನೂ ಕಿರಿದಾಯಿತು, ಈ ಕಡೆಯ ಪ್ಲಾಟ್‌ಫಾರಂ ಇಲ್ಲ, ಆ ಕಡೆಯದೂ ಇಲ್ಲ, ಈಗ ಫೋನಿಗೆ ನಿಖರವಾಗಿ ಗೊತ್ತು, ಹಳಿಯ ಎರಡು ಕಪ್ಪು ಗೆರೆ, ನಡುವೆ ನೀಲಿ ಚುಕ್ಕೆ, ಎರಡು ಗೆರೆ, ನಡುವೆ ಚುಕ್ಕೆ, ಎರಡು ಗೆರೆ, ಚುಕ್ಕೆ —